ಪೈಲ್ವಾನನ ತಾಟು, ತಂಗಿಯ ತಂಬಿಗೆ

೧೯೯೮ರಲ್ಲಿ ನಾನು ಗೋಕಾಕದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನನ್‌ಗಳ ಕೈಯಲ್ಲಿ ಓದಿ, ಹೋಮ್ ಸೈನ್ಸ್ ಪದವಿ ಮುಗಿಸಿ ಈ ಕೆಲಸಕ್ಕೆ ಸೇರಿದವಳು. ಆ ಹೊತ್ತಿಗೆ ಸರ್ವಿಸ್ ಹದಿನೆಂಟು ವರ್ಷ ದಾಟಿತ್ತು. ಆದರೂ ನಾನು ಮಾಡುವುದೇನು ಎಂದು ಊರಿಗೆ ಸರಿಯಾಗಿ ತಿಳಿದಿರಲಿಲ್ಲ. ಕೆಲವರು ನನ್ನನ್ನು ಕ್ಯಾಂಟೀನಿನ ಉಸ್ತುವಾರಿ ಎಂದುಕೊಂಡು, ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದು ದೂರು ಹೇಳಿ ಹೋಗುತ್ತಿದ್ದರು. ಶಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ. ನನಗೂ ಅದೇ ಹೆಸರು ಅಂಟಿತ್ತು. ನನಗೇನೂ ಬೇಸರವಿರಲಿಲ್ಲ, ಕಲಿಸುವುದೇ ನನ್ನ ಕೆಲಸವಾಗಿತ್ತಲ್ಲ.

ವಾರಕ್ಕೊಮ್ಮೆ ಹುಕ್ಕೇರಿಯಲ್ಲಿ ಸಂತೆಯ ದಿನ ನಮ್ಮ ಕ್ಯಾಂಪ್ ಇರುತ್ತಿತ್ತು. ಫೆಬ್ರುವರಿಯಲ್ಲಿ ಅಲ್ಲಿಗೆ ಒಬ್ಬ ಅಣ್ಣ ತನ್ನ ತಂಗಿಯನ್ನು ಕರೆದುಕೊಂಡು ಬಂದ. ತಂಗಿ ಶಾಂತವ್ವ, ಹತ್ತರಗಿಯ ಸೊಸೆ, ವಯಸ್ಸು ಮೂವತ್ತೆರಡು. ಎರಡೂ ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಸಲ ಬೆಳಗಾವಿಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದಳು. ಡಯಾಲಿಸಿಸ್ ಎಂದರೆ ಮೂತ್ರಪಿಂಡ ಮಾಡಬೇಕಾದ ಶೋಧನೆಯನ್ನು ಯಂತ್ರದಿಂದ ಮಾಡಿಸುವುದು. ಅಣ್ಣ ಲಗಮಣ್ಣ, ಮೂಡಲಗಿ ಹತ್ತಿರದ ಕಲ್ಲೋಳಿಯವನು, ನಲವತ್ತರ ಗಡಿಯಲ್ಲಿದ್ದ. ಒಂದು ಕಾಲಕ್ಕೆ ಹೆಸರಾಂತ ಪೈಲ್ವಾನ, ಈಗ ಗರಡಿಮನೆಯಲ್ಲಿ ವಸ್ತಾದ, ಅಂದರೆ ಕುಸ್ತಿ ಕಲಿಸುವ ಗುರು. ಬಾಗಿಲಲ್ಲಿ ನಿಂತರೆ ಹೊರಗಿನ ಬೆಳಕೇ ಕಾಣುತ್ತಿರಲಿಲ್ಲ.

ತಂಗಿಯ ಊಟದ ಪಥ್ಯ ಬರೆಸಿಕೊಂಡ ಮೇಲೆ ಅವನು ತನ್ನ ಮಾತು ತೆಗೆದ. ತಂಗಿಗೆ ಮೂತ್ರಪಿಂಡ ಕೊಡಲು ಅವನು ತಯಾರಿದ್ದ. ರಕ್ತದ ಗುಂಪು, ಅಂಗಾಂಶ ಎಲ್ಲ ಹೊಂದಿಕೆಯಾಗಿತ್ತು. ಗಂಡನದು ಹೊಂದಿರಲಿಲ್ಲ, ತಾಯಿ ತೀರಿಕೊಂಡಿದ್ದಳು. ಉಳಿದವನು ಇವನೊಬ್ಬನೇ. ಆದರೆ ಬೆಳಗಾವಿಯ ಡಾಕ್ಟರು ಇವನನ್ನು ತಕ್ಕಡಿಯ ಮೇಲೆ ನಿಲ್ಲಿಸಿ ನೂರಾ ಆರು ಕಿಲೋ ಎಂದು ಓದಿ ಬೇಡವೆಂದಿದ್ದರು. ಅಷ್ಟು ತೂಕದವರಿಗೆ ಆಪರೇಷನ್ ಅಪಾಯ. ಮುಂದೆ ಬಿ.ಪಿ., ಸಕ್ಕರೆ ಬಂದರೆ ಉಳಿದ ಒಂದೇ ಮೂತ್ರಪಿಂಡಕ್ಕೂ ಪೆಟ್ಟು. ತೊಂಬತ್ತರ ಒಳಗೆ ಬಂದರೆ ಮಾತ್ರ ಮುಂದಿನ ಮಾತು ಎಂದಿದ್ದರು.

“ಹದಿನಾರು ಕಿಲೋ ಇಳಸಬೇಕಂತ್ರಿ ಬಾಯಾರ,” ಅಂದ ಲಗಮಣ್ಣ. “ಎದುರಿನವನ್ನ ಎತ್ತಿ ಒಗಿಯೂದು ಕಲ್ತೇನಿ. ನನ್ನ ನಾ ಎತ್ತಿ ಒಗಿಯೂದು ಯಾರೂ ಕಲಿಸಿಲ್ಲ.”

ಅವನ ಊಟ ಕೇಳಿದೆ. ಕುಸ್ತಿ ಬಿಟ್ಟು ಹತ್ತು ವರ್ಷವಾಗಿದ್ದರೂ ಪೈಲ್ವಾನರ ಖುರಾಕು ಬಿಟ್ಟಿರಲಿಲ್ಲ. ಬೆಳಿಗ್ಗೆ ಎರಡು ಲೀಟರ್ ಎಮ್ಮೆ ಹಾಲು, ಅದರಲ್ಲಿ ಅರೆದ ಬಾದಾಮಿ, ಮೇಲೆ ತುಪ್ಪ. ಮಧ್ಯಾಹ್ನ ಮಟನ್, ಬಿಳಿ ಅನ್ನ, ಸಾಣಿಸಿದ ಹಿಟ್ಟಿನ ಚಪಾತಿ. ರಾತ್ರಿ ಮತ್ತೆ ಹಾಲು. ಕಾಯಿಪಲ್ಯ ಎಂದರೆ ತಾಟಿನ ಅಂಚಿನ ಶೃಂಗಾರ. ದಿನಕ್ಕೆ ಸಾವಿರ ಬೈಠಕ್ ಹೊಡೆಯುವ ದೇಹಕ್ಕೆ ಈ ಊಟ ಸರಿ. ಗರಡಿಯ ಕಟ್ಟೆಯ ಮೇಲೆ ಕೂತು ಹುಡುಗರಿಗೆ ಕೂಗಿ ಹೇಳುವ ದೇಹಕ್ಕಲ್ಲ.

ಇಲ್ಲಿ ಫೈಬರ್ ವಿಷಯ ಸ್ವಲ್ಪ ಹೇಳಬೇಕು. ಕನ್ನಡದಲ್ಲಿ ನಾರಿನಂಶ. ಧಾನ್ಯದ ಸಿಪ್ಪೆ, ಕಾಳು, ಸೊಪ್ಪು, ತರಕಾರಿಯಲ್ಲಿ ಇರುವ, ನಮ್ಮ ಹೊಟ್ಟೆ ಅರಗಿಸಲಾರದ ಭಾಗ. ಹಾಲು, ತುಪ್ಪ, ಮೊಟ್ಟೆ, ಮಾಂಸದಲ್ಲಿ ಅದು ಇಲ್ಲವೇ ಇಲ್ಲ. ಅರಗುವುದಿಲ್ಲ ಎಂದ ಮೇಲೆ ಏನು ಉಪಯೋಗ ಎಂದು ಜನ ಕೇಳುತ್ತಾರೆ. ಅರಗದಿರುವುದೇ ಅದರ ಉಪಯೋಗ. ಒಂದು ಬಗೆಯ ನಾರು ನೀರು ಹೀರಿ ಉಬ್ಬಿ ಅಂಟಂಟಾಗಿ, ಊಟ ಹೊಟ್ಟೆಯಿಂದ ಕೆಳಗಿಳಿಯುವುದನ್ನು ನಿಧಾನಿಸುತ್ತದೆ. ಇನ್ನೊಂದು ಬಗೆಯದು ಕರುಳಿನಲ್ಲಿ ಉಳಿದದ್ದನ್ನು ಮುಂದಕ್ಕೆ ಸಾಗಿಸಿ ಸ್ವಚ್ಛ ಮಾಡುತ್ತದೆ. ಅಗಿಯಲು ಹೊತ್ತು ಹಿಡಿಯುತ್ತದೆ, ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗಿ ಮರಳುತ್ತದೆ. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಸೆಟೈಟಿ ಎನ್ನುತ್ತಾರೆ, ಅಂದರೆ ತೃಪ್ತಿ. ಆದರೆ ಒಂದು ಕರಾರು ಉಂಟು. ನಾರು ತಿಂದವರು ನೀರು ಕುಡಿಯಲೇಬೇಕು. ಇಲ್ಲದಿದ್ದರೆ ಅದು ಕರುಳಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ.

ಚೀಟಿಯಲ್ಲಿ ಹೊತ್ತಿಗೆ ಎರಡು ರೊಟ್ಟಿ ಎಂದು ಬರೆದೆ, ಹಿಟ್ಟು ಸಾಣಿಸಬಾರದು ಎಂದೆ. ಒಂದು ದೊಡ್ಡ ಬಟ್ಟಲು ಮೊಳಕೆ ಮಡಿಕೆಕಾಳು ಅಥವಾ ಹೆಸರುಕಾಳು, ತಾಟಿನ ಅರ್ಧದಷ್ಟು ಹಸಿ ಮೆಂತ್ಯೆ ಸೊಪ್ಪು, ಮೂಲಂಗಿ, ಸೌತೆಕಾಯಿ. ಹಾಲು ಒಂದು ಲೋಟಕ್ಕೆ ಇಳಿಯಿತು, ತುಪ್ಪ ಹೋಯಿತು, ಮಜ್ಜಿಗೆ ಬಂತು. ದಿನಕ್ಕೆ ಮೂರು ಲೀಟರ್ ನೀರು, ಸಂಜೆ ಒಂದು ತಾಸು ನಡಿಗೆ.

ಲಗಮಣ್ಣ ಚೀಟಿಯನ್ನು ತಿರುವಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದ. “ಇದು ಎಮ್ಮಿ ಮುಂದ ಹಾಕೂ ಮೇವು ಐತಿ ಬಾಯಾರ. ಪೈಲ್ವಾನಂದಲ್ಲ.”

“ಇಷ್ಟು ವರ್ಷ ಎಮ್ಮಿ ಹಾಲು ಕುಡದೀರಿ. ಅದರ ಮೇವಿಗೆ ಯಾಕ ನಾಚ್ತೀರಿ?” ಅಂದೆ.

ಶಾಂತವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಆ ದಿನ ಆಕೆ ನಕ್ಕದ್ದು ಅದೇ ಮೊದಲು.

ವಿಚಿತ್ರವೆಂದರೆ, ಅಣ್ಣನಿಗೆ ಔಷಧವಾದದ್ದು ತಂಗಿಗೆ ವಿಷ. ಸೊಪ್ಪು, ಕಾಳುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು, ಏರಿದರೆ ಹೃದಯವೇ ನಿಲ್ಲಬಹುದು. ಹಾಗಾಗಿ ಆಕೆಯ ತರಕಾರಿಯನ್ನು ಹೆಚ್ಚಿ, ಬೇಯಿಸಿ, ಬೆಂದ ನೀರು ಚೆಲ್ಲಿ, ರುಚಿಯೆಲ್ಲ ಹೋದ ಮೇಲೆ ತಾಟಿಗೆ ಹಾಕಬೇಕು. ಕುಡಿಯುವ ನೀರು ದಿನಕ್ಕೆ ಎರಡು ವಾಟಗ, ಎರಡು ಬಟ್ಟಲಷ್ಟೇ. ಬೇಸಿಗೆಯಲ್ಲಿ ಆಕೆ ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಬಸ್ಸಿನಲ್ಲಿ ಕೂತಿರುತ್ತಿದ್ದಳಂತೆ.

ಲಗಮಣ್ಣ ಹಟವಾದಿ. ಕಲ್ಲೋಳಿಯ ಕಟ್ಟೆಯಲ್ಲಿ ಗೆಳೆಯರು, ವಸ್ತಾದನಿಗೆ ಎಮ್ಮೆಯ ಹಗ್ಗ ಹೊಸೆಯೋಣ, ಕಟ್ಟಲು ಗೂಟ ಎಲ್ಲಿ ಬಡಿಯೋಣ ಎಂದು ಕಾಡಿದರೂ ಅವನು ಮೂಲಂಗಿ ಕಡಿಯುತ್ತ ಕೂತ. ಮೊದಲ ವಾರ ಹೊಟ್ಟೆ ಉಬ್ಬರಿಸಿತು. ಕಾಳಿನ ಪ್ರಮಾಣ ಇಳಿಸಿ ಮೆಲ್ಲಗೆ ಏರಿಸಿದೆವು. ಮೇ ಕೊನೆಗೆ ತೊಂಬತ್ತೆಂಟು, ಜುಲೈಗೆ ತೊಂಬತ್ತನಾಲ್ಕು. ಆಮೇಲೆ ತಕ್ಕಡಿಯ ಮುಳ್ಳು ನಿಂತುಬಿಟ್ಟಿತು. ವಾರ ವಾರವೂ ಅದೇ ತೊಂಬತ್ತನಾಲ್ಕು.

ಅದೇ ಹೊತ್ತಿಗೆ ನಾಗರಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು, ಹಿಂದಿನ ದಿನ ರೊಟ್ಟಿ ಪಂಚಮಿ. ಆ ದಿನ ಮನೆಮನೆಗೂ ರೊಟ್ಟಿ, ಕಾಳುಪಲ್ಯ, ಹಿಂಡಿಗಳ ತಾಟು ಕೊಟ್ಟು ತರುತ್ತಾರೆ. ಲಗಮಣ್ಣನ ಹೆಂಡತಿ ಗಂಗವ್ವ ನನ್ನನ್ನೂ ಕರೆದಿದ್ದಳು. ಮೂಡಲಗಿ ಬಸ್ ಹಿಡಿದು ಹೋದೆ. ಹಬ್ಬದ ಊಟಕ್ಕೆ ಹೋದೆ ಎಂದರೆ ಅರ್ಧ ಸತ್ಯ. ನಿಂತ ಮುಳ್ಳಿನ ಕಾರಣ ಕಣ್ಣಾರೆ ನೋಡಬೇಕಿತ್ತು.

ನೋಡಿದೆ. ತಾಟಿನಲ್ಲಿ ನಾನು ಬರೆದದ್ದೆಲ್ಲ ಇತ್ತು. ಬಾಜೂಕ್ಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಗುಡ್ಡದ ಹಾಗೆ. ಲಗಮಣ್ಣ ಅದರ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿದ, ಗಂಗವ್ವ ಅದು ತುಂಬಿ ಹರಿಯುವಷ್ಟು ಎಣ್ಣೆ ಸುರಿದಳು. ಹಿಂಡಿಗೆ ಎಣ್ಣೆ ನಮ್ಮಲ್ಲಿ ಊಟವೆಂದು ಲೆಕ್ಕವೇ ಅಲ್ಲ, ಉಪ್ಪಿನ ಹಾಗೆ. ನಾರು ಹೊಟ್ಟೆ ತುಂಬಿಸುತ್ತದೆ ನಿಜ, ಎಣ್ಣೆಯ ಕ್ಯಾಲರಿಯನ್ನು ಅಳಿಸುವ ಜಾದೂ ಅದಕ್ಕೆ ಗೊತ್ತಿಲ್ಲ. ಆ ದಿನದಿಂದ ಹಿಂಡಿಗೆ ಮೊಸರು ಎಂದು ಠರಾವಾಯಿತು.

ಎದುರಿಗೆ ಶಾಂತವ್ವ ತನ್ನ ಸಪ್ಪೆ ತಾಟಿನೊಂದಿಗೆ ಕೂತಿದ್ದಳು. ಅಣ್ಣನ ಮೆಂತ್ಯೆಯ ಕಡೆ ನೋಡಿ, “ನಿನ್ನ ಎಮ್ಮಿ ಮೇವಿನ ವಾಸನಿ ಎಷ್ಟ ಚಂದ ಐತೋ ಅಣ್ಣಾ,” ಅಂದಳು. ಲಗಮಣ್ಣ ತಾಟನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತ.

ಆಗಸ್ಟಿನಲ್ಲಿ ಶಾಂತವ್ವನ ಸ್ಥಿತಿ ಕೆಟ್ಟಿತು. ಡಯಾಲಿಸಿಸ್‌ಗೆಂದು ಕೈಯಲ್ಲಿ ಮಾಡಿದ್ದ ರಕ್ತನಾಳದ ಜೋಡಣೆ ಎರಡು ಸಲ ಮುಚ್ಚಿಕೊಂಡಿತ್ತು. ಹೆಚ್ಚು ದಿನ ಕಾಯುವ ಹಾಗಿಲ್ಲ ಎಂದ ಡಾಕ್ಟರು ಸೆಪ್ಟೆಂಬರ್ ಮೊದಲ ವಾರ ಲಗಮಣ್ಣನ ಪರೀಕ್ಷೆ ಇಟ್ಟರು. ಅದಕ್ಕೆ ನಾಲ್ಕು ದಿನ ಮೊದಲು ನನ್ನ ತಕ್ಕಡಿಯಲ್ಲಿ ಅವನು ತೊಂಬತ್ತಮೂರು. ಇನ್ನೂ ಆಗಿಲ್ಲ, ದಿನ ಮುಂದಕ್ಕೆ ಕೇಳೋಣ ಎಂದೆ. ಅವನು ಎದ್ದು ಹೋದ.

ಬೆಳಗಾವಿಯ ತಕ್ಕಡಿ ಎಂಬತ್ತೊಂಬತ್ತೂವರೆ ತೋರಿಸಿತು. ಮರುದಿನ ರಕ್ತದ ವರದಿ ಬಂತು. ಕ್ರಿಯಾಟಿನಿನ್ ಒಂದು ಪಾಯಿಂಟ್ ಏಳು. ಇದು ರಕ್ತದಲ್ಲಿನ ಒಂದು ಕಸ. ಮೂತ್ರಪಿಂಡ ಸರಿಯಾಗಿ ತೆಗೆದುಹಾಕದಿದ್ದರೆ ಏರುತ್ತದೆ. ಫೆಬ್ರುವರಿಯಲ್ಲಿ ಅವನದು ಸರಿಯಾಗಿ ಒಂದು ಇತ್ತು. ಈ ಮೂತ್ರಪಿಂಡದ ಮೇಲೇ ಈಗ ಸಂಶಯ, ಇದನ್ನು ತೆಗೆದುಕೊಳ್ಳುವುದು ಆಗದು ಎಂದು ಡಾಕ್ಟರು ಹೇಳಿದರು.

ಅಣ್ಣ ತಂಗಿ ಇಬ್ಬರೂ ಅದರ ಮರುದಿನ ಗೋಕಾಕಕ್ಕೆ ನನ್ನ ಕೋಣೆಗೆ ಬಂದರು. ಲಗಮಣ್ಣ ಕುರ್ಚಿಯಲ್ಲಿ ಕೂಡಲಿಲ್ಲ, ಗೋಡೆಗೆ ಒರಗಿ ನೆಲದ ಮೇಲೆ ಕೂತ. ಫ್ರ್ಯಾಂಕ್ಲಿ, ವರದಿಯನ್ನು ನಾನೂ ಎರಡು ಸಲ ಓದಿದೆ. ಆಮೇಲೆ ನನ್ನ ಮನಸ್ಸು ಇನ್ನೊಂದು ಅಂಕಿಯ ಮೇಲೆ ನಿಂತಿತು. ನಾಲ್ಕು ದಿನದಲ್ಲಿ ಮೂರೂವರೆ ಕಿಲೋ? ಕೊಬ್ಬು ಹಾಗೆ ಓಡಿಹೋಗುವುದಿಲ್ಲ. ಏಳು ಎಂದು ಅವನನ್ನು ತಕ್ಕಡಿಗೆ ಹತ್ತಿಸಿದೆ. ತೊಂಬತ್ತೆರಡೂ ಮುಕ್ಕಾಲು.

“ಲಗಮಣ್ಣಾರ, ಕುಸ್ತಿಗೆ ತೂಕ ಹಾಕೂ ದಿನ ಮೈ ಹೆಚ್ಚಿದ್ರ ಏನ್ ಮಾಡ್ತಿದ್ರಿ?”

ಅವನು ಊರಿನ ಹೆಸರು ಕೇಳಿದವರಿಗೆ ಹೇಳುವಷ್ಟು ಸಹಜವಾಗಿ ಉತ್ತರಿಸಿದ. ಎರಡು ದಿನ ನೀರು ಮುಟ್ಟುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಂಬಳಿ ಹೊದ್ದು ಓಡುವುದು. ಹುಣಸೆಹಣ್ಣು ಬಾಯಲ್ಲಿಟ್ಟು ಉಗುಳುತ್ತ ಇರುವುದು. ತೂಕವಾದ ಮೇಲೆ ಕುಡಿದರೆ ಮೈ ಮತ್ತೆ ಮೊದಲಿನಂತೆ. ಅವನ ಗುರು ಕಲಿಸಿದ್ದು ಅದು, ಅವನು ಹುಡುಗರಿಗೆ ಕಲಿಸುತ್ತಿದ್ದುದೂ ಅದೇ.

“ಈ ಸಲಾನೂ ಅದನ್ನ ಮಾಡಿದ್ರಿ?”

“ಮತ್ತೇನ್ ಮಾಡ್ಲಿ? ಆಕಿಗೆ ಕಾಯಾಕ ದಿನ ಅದಾವೇನ್ರಿ?”

ಒಂದು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದೆ. ಕಳೆದದ್ದು ಕೊಬ್ಬಲ್ಲ, ನೀರು. ನೀರು ಬತ್ತಿದಾಗ ಮೂತ್ರಪಿಂಡ ಬರಗಾಲ ಬಂತೆಂದು ತನ್ನ ತೂಬು ಮುಚ್ಚಿಕೊಳ್ಳುತ್ತದೆ, ಕಸ ರಕ್ತದಲ್ಲೇ ಉಳಿಯುತ್ತದೆ. ತಂಗಿಗೆ ಕೊಡಬೇಕಾದ ಅಂಗವನ್ನೇ ಅವನು ಒಣಗಿಸಿದ್ದ. ಅಷ್ಟು ನಾರು ತಿಂದು ನೀರು ಬಿಟ್ಟಿದ್ದರಿಂದ ಐದು ದಿನದಿಂದ ಹೊಟ್ಟೆಯೂ ಕಟ್ಟಿತ್ತು, ಅದನ್ನು ತಂಗಿಯೆದುರು ಹೇಳಲು ನಾಚಿದ್ದ.

ಶಾಂತವ್ವ ಎದ್ದು ಮೂಲೆಯ ಹೂಜಿಯಿಂದ ತಂಬಿಗೆಗೆ ನೀರು ತುಂಬಿದಳು. ಎರಡೂ ಕೈಯಲ್ಲಿ ಹಿಡಿದು ಅಣ್ಣನ ಮುಂದೆ ಕೂತಳು.

“ನನಗ ದಿನಕ್ಕ ಎರಡ ವಾಟಗ. ಉಳದದ್ದು ನನ್ನ ಪಾಲಿಂದು, ನೀ ಕುಡಿ. ನಾ ನೋಡ್ತೇನಿ.”

“ನಿನ್ನ ಮುಂದ ನನಗ ಇಳಿಯೂದಿಲ್ಲ ಶಾಂತಾ.”

“ಇಳಿಸು.”

ಅವನು ಕುಡಿದ. ಅಷ್ಟು ದೊಡ್ಡ ಮನುಷ್ಯನ ಗಂಟಲು ಅಷ್ಟು ಕಷ್ಟಪಟ್ಟು ನುಂಗುವುದನ್ನು ನಾನು ಕಂಡಿರಲಿಲ್ಲ. ನಾನು ಕಿಟಕಿಯ ಕಡೆ ನೋಡುತ್ತ ನಿಂತೆ.

ಅದೇ ಸಂಜೆ ಎಸ್‌ಟಿಡಿ ಬೂತಿನಿಂದ ಬೆಳಗಾವಿಯ ಡಾಕ್ಟರಿಗೆ ಫೋನ್ ಮಾಡಿದೆ. ನಡೆದದ್ದನ್ನು ಮುಚ್ಚದೆ ಹೇಳಿದೆ. ಅವರು ಅಂಕಿಗಳನ್ನು ಮತ್ತೊಮ್ಮೆ ಹೇಳಿಸಿ ಬರೆದುಕೊಂಡರು. ನಂತರ ಇಂಗ್ಲಿಷಿನಲ್ಲಿ, ಆರು ವಾರ ಕೊಡುತ್ತೇನೆ, ತೂಕ ಮತ್ತು ರಕ್ತ ಎರಡೂ ಸುಳ್ಳಾಡಬಾರದು ಎಂದರು. ಅದಕ್ಕಿಂತ ಹೆಚ್ಚು ಕಾಯುವಷ್ಟು ದಿನ ಶಾಂತವ್ವನಿಗೆ ಇರಲಿಲ್ಲ.

ಆ ಆರು ವಾರ ಲಗಮಣ್ಣ ಹೊಸದೇನನ್ನೂ ಮಾಡಲಿಲ್ಲ. ಅದೇ ರೊಟ್ಟಿ, ಅದೇ ಕಾಳು, ಮೊಸರು ಕಲಸಿದ ಹಿಂಡಿ, ಸಂಜೆಯ ನಡಿಗೆ ಒಂದರ ಬದಲು ಎರಡು ತಾಸು. ಪೈಲ್ವಾನನಿಗೆ ದಿನಾಲೂ ಅದನ್ನೇ ಮಾಡುವುದು ಎದುರಾಳಿಯನ್ನು ಕೆಡವುವುದಕ್ಕಿಂತ ಕಷ್ಟ. ಡಯಾಲಿಸಿಸ್ ದಿನ ತಂಗಿ ಯಂತ್ರಕ್ಕೆ ಕೈ ಕೊಟ್ಟು ಮಲಗಿ, ಇನ್ನೊಂದು ಕೈಯಿಂದ ಅಣ್ಣನಿಗೆ ತಂಬಿಗೆಯ ಕಡೆ ಬೆರಳು ತೋರಿಸುತ್ತಿದ್ದಳಂತೆ. ಅಲ್ಲಿನ ನರ್ಸುಗಳು ಇವನಿಗೆ ನೀರು ಪೈಲ್ವಾನ ಎಂದು ಹೆಸರಿಟ್ಟರು. ಮುಳ್ಳು ವಾರಕ್ಕೆ ಅರ್ಧ ಕಿಲೋ, ಒಮ್ಮೆ ಮುಕ್ಕಾಲು, ಹೀಗೆ ಇಳಿಯಿತು. ಅಕ್ಟೋಬರ್ ಮಧ್ಯದಲ್ಲಿ, ಹೊಟ್ಟೆ ತುಂಬ ನೀರು ಕುಡಿದು, ಎಂಬತ್ತೊಂಬತ್ತು ಪಾಯಿಂಟ್ ಆರು. ಕ್ರಿಯಾಟಿನಿನ್ ಒಂದು. ನವೆಂಬರಿನಲ್ಲಿ ಆಪರೇಷನ್ ಆಯಿತು.

ಆಮೇಲೂ ಸರ್ವಿಸಿನಲ್ಲಿ ಹಲವು ವರ್ಷ ಇದ್ದೆ. ತೂಕ ಇಳಿಸಲು ಬಂದವರಿಗೆಲ್ಲ ನಾರಿನ ಮಾತು ಹೇಳಿದ್ದೇನೆ, ಈಗಲೂ ಕೇಳಿದರೆ ಹೇಳುತ್ತೇನೆ. ಆದರೆ ಲಗಮಣ್ಣನ ನಂತರ ಚೀಟಿ ಬರೆಯುವ ಮೊದಲು ಒಂದು ಪ್ರಶ್ನೆ ಸೇರಿಸಿಕೊಂಡೆ. ಈ ಮೈಗೆ ಈ ಮೊದಲು ಯಾರು ಏನು ಕಲಿಸಿದ್ದಾರೆ? ಬಾಣಂತನದ ತುಪ್ಪ, ಮದುವೆಗೆ ಮುಂಚಿನ ಉಪವಾಸ, ಗರಡಿಯ ಕಂಬಳಿ. ಮನುಷ್ಯ ಹೆದರಿದಾಗ ಡಯಟ್ ಚಾರ್ಟ್ ನೆನಪಿಗೆ ಬರುವುದಿಲ್ಲ, ಮೊದಲ ಗುರು ಕಲಿಸಿದ್ದು ಬರುತ್ತದೆ. ಅದನ್ನು ತಿಳಿಯದೆ ಬರೆದ ಚಾರ್ಟ್ ಎಷ್ಟೇ ಸರಿಯಿದ್ದರೂ ಅರ್ಧವೇ.

೧೯೯೯ರ ರೊಟ್ಟಿ ಪಂಚಮಿಗೆ ಮತ್ತೆ ಕಲ್ಲೋಳಿಗೆ ಹೋಗಿದ್ದೆ. ಡಾಕ್ಟರು ಒಪ್ಪಿಗೆ ಕೊಟ್ಟಿದ್ದರಿಂದ ಗಂಗವ್ವ ಎರಡು ತಾಟಿಗೂ ಒಂದೇ ಪಾತ್ರೆಯಿಂದ ಬಡಿಸಿದಳು. ಮೆಂತ್ಯೆ ಪಲ್ಯ, ನೀರು ಚೆಲ್ಲದೆ ಬೇಯಿಸಿದ್ದು. ಶಾಂತವ್ವ ಮೊದಲ ತುತ್ತನ್ನು ಬಹಳ ಹೊತ್ತು ಅಗಿದಳು. ಊಟ ಮುಗಿದ ಮೇಲೆ ತಂಬಿಗೆ ಎತ್ತಿ, ವಾಟಗ ಹುಡುಕದೆ, ಹಾಗೆಯೇ ಗಟಗಟ ಕುಡಿಯತೊಡಗಿದಳು. ಲಗಮಣ್ಣ ತನ್ನ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ತಂಬಿಗೆಯ ತಳ ಮೇಲಾಗುವವರೆಗೂ ನೋಡಿದ.

“ನನಗೂ ಒಂದೀಟ ಉಳಸವಾ,” ಅಂದ.