ಬಾಟಲಿಗೂ ಭಂಡಾರ

ನನ್ನ ಗಂಡ ಪುಣೆಯ ಕಾಲೇಜಿನಲ್ಲಿ ಪಾಠ ಹೇಳುತ್ತ, ಕೆಟ್ಟ ಬಾವಿ ನೀರು ಕುಡಿದವರ ಕಾಲಿನಲ್ಲಿ ಬೆಳೆಯುವ ನಾರುಹುಳದ ಮೇಲೆ ಸಂಶೋಧನೆ ಮಾಡುತ್ತಿದ್ದರು. ಅವರಿಗೆ ಹರಿಯದ, ಇಡೀ ಹುಳ ಬೇಕಿತ್ತು. ಹೆಂಗಸರು ಗಂಡಸರ ಮುಂದೆ ಕಾಲು ಚಾಚುತ್ತಿರಲಿಲ್ಲ. ಹಾಗಾಗಿ ಅವರ ಕಾಲಿನಿಂದ ಹುಳ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಬರಬರುತ್ತ ರೂಢಿಯಾಯಿತು.

ಒಮ್ಮೆ ನಮ್ಮ ಊರ ಕಡೆಯ ಹೆಂಗಸೊಬ್ಬಳು ಜೇಜುರಿಯ ಖಂಡೋಬಾ ದೇವರ ಗುಡಿಗೆ ನಡೆದು ಬರುವ ಹರಕೆ ಹೊತ್ತು ಹೊರಟವಳು, ಕಾಲು ಬಾತು ನಮ್ಮ ಪಡಸಾಲೆಯಲ್ಲಿ ಕೂತಳು. ಹುಣ್ಣಿನಿಂದ ಹುಳದ ತುದಿ ಇಣುಕಿತ್ತು. ದಿನಾ ನೀರು ಸುರಿದು, ಹೊರಬಂದಷ್ಟನ್ನು ಕಡ್ಡಿಗೆ ಸುತ್ತುತ್ತಿದ್ದೆ. ಗಂಡ ಬಾಗಿಲ ಹಿಂದಿನಿಂದಲೇ ಕೂಗುತ್ತಿದ್ದರು: "ಹಗೂರಕ ಎಳಿ, ಹರದ್ರ ಕಾಲು ಕೆಡ್ತದ!"

"ಸುಮ್ನ ಕುಂದರ್ರಿ. ಶ್ಯಾವಿಗಿ ಎಳದ ಕೈ ಇದು," ಎಂದೆ.

ಅವಳು ನಕ್ಕಳು. "ಅಕ್ಕಾರ, ನನಗ ಖಂಡೋಬಾನ ಚಿಂತಿ, ನಿಮ್ಮ ಯಜಮಾನ್ರಿಗೆ ಹುಳದ ಚಿಂತಿ. ಎರಡೂ ನಿಮ್ಮ ಕೈಯಾಗ ಅದಾವ ನೋಡ್ರಿ."

ಹುಳ ಇಡಿಯಾಗಿ ಬಂತು. ಗಂಡ ಅದನ್ನು ಬಾಟಲಿಗೆ ಹಾಕಿ, ಮಗು ಹುಟ್ಟಿದವರಂತೆ ಮನೆಯೆಲ್ಲ ತಿರುಗಿದರು. ಹುಣ್ಣು ಮಾಯ್ದ ಮೇಲೆ ಅವಳು ಜೇಜುರಿಗೆ ನಡೆದೇ ಹೋದಳು. ತಿರುಗಿ ಬಂದು ನನ್ನ ಹಣೆಗೆ ದೇವರ ಭಂಡಾರದ ಅರಿಸಿನ ಹಚ್ಚಿ, ಬಾಟಲಿಗೂ ಒಂದು ಚಿಟಿಕೆ ಬಳಿದಳು. ಗಂಡ ಅದನ್ನು ಒರೆಸದೆ ಹಾಗೇ ಕಾಲೇಜಿಗೆ ಒಯ್ದರು.