ಮೈಕಿನಲ್ಲಿ ಎಮ್ಮೆ ಕರೆದದ್ದು

ಹೊನ್ನಾಳಿಯ ಹೊಳೆದಂಡೆಯಲ್ಲಿರುವ ನಮ್ಮ ಓಣಿಗೆ ನೀರಿಗಿಂತ ಮೊದಲು ಆಟೋ ಬರುತ್ತದೆ. ‘ಅಣೆಕಟ್ಟೆಯಿಂದ ನೀರು ಬಿಡಲಾಗಿದೆ, ಸಾರ್ವಜನಿಕರು ಕಾಳಜಿ ಕೇಂದ್ರಕ್ಕೆ ತೆರಳಬೇಕು’ ಎಂದು ಅದರ ಮೈಕು ಕೂಗುತ್ತದೆ. ಸಾರ್ವಜನಿಕರೆಂದರೆ ಪಕ್ಕದ ಓಣಿಯವರು ಎಂದುಕೊಂಡು ನಾವು ಚಹಾ ಕುಡಿಯುತ್ತೇವೆ.

ಆ ಮುಂಜಾನೆ ನಮ್ಮ ಮನೆಯ ಐದು ಮೆಟ್ಟಿಲುಗಳಲ್ಲಿ ಮೂರು ಮುಳುಗಿದ್ದವು. ಎರಡು ಸಲ ಎಣಿಸಿದೆ, ಮೂರೇ. ಆದರೂ ಎದುರುಮನೆಯ ದೊಡ್ಡಮ್ಮ ಕದಲಲೊಲ್ಲರು. ಅವರ ಎಮ್ಮೆ ತುಂಬು ಗಬ್ಬ.

“ಕೇಂದ್ರ ಜನಕ್ಕೆ, ಅಜ್ಜಿ. ದನಕ್ಕೆ ಬೇರೆ ಕಡೆ ಐತೆ,” ಎಂದರು ಪಟ್ಟಿ ಹಿಡಿದು ಬಂದಿದ್ದ ಕಂದಾಯ ಇಲಾಖೆಯ ಮೇಡಂ.

“ಹಂಗಾರೆ ನನ್ನೂ ದನದ ಪಟ್ಟಿಗೇ ಬರ್ಕಳವ್ವ.”

“ಅಲ್ಲಿ ಊಟ ಇಲ್ಲ ರೀ.”

“ಹುಲ್ಲು ಐತಲ್ಲ?”

ಮೇಡಂ ಪಟ್ಟಿ ನೋಡಿದರು, ನೀರು ನೋಡಿದರು. “ಕೇಂದ್ರದ ಹಿಂದೆ ಸೈಕಲ್ ಶೆಡ್ಡು ಐತೆ. ಅದು ಯಾವ ಪಟ್ಟಿಯಾಗೂ ಇಲ್ಲ, ಅಲ್ಲಿ ಕಟ್ರಿ,” ಎಂದವರೇ ದೊಡ್ಡಮ್ಮನ ತೋಳು ಹಿಡಿದು ಆಟೋ ನಿಂತಿದ್ದ ಏರಿಗೆ ನಡೆಸಿಕೊಂಡು ಹೋದರು. ಎಮ್ಮೆಯ ಹಗ್ಗ ನನ್ನ ಕೈಗೆ ಬಂತು.

ಓಣಿಯ ನಡುವೆ, ನೀರು ನನ್ನ ತೊಡೆ ಮುಟ್ಟಿದ ಕಡೆ, ಎಮ್ಮೆ ಕೂತುಬಿಟ್ಟಿತು. ತನಗಾಗಿಯೇ ಸರ್ಕಾರ ಕೆರೆ ತುಂಬಿಸಿದೆ ಎಂಬಂತೆ ಕಣ್ಣು ಮುಚ್ಚಿತು. ಎಳೆದೆ, ಬೈದೆ. ನೀರು ಸೊಂಟಕ್ಕೆ ಬಂತು.

“ಹಗ್ಗ ಬಿಟ್ಟು ಬರ್ರೀ!” ಮೇಡಂ ಕೂಗಿದರು.

“ಬಿಟ್ರೆ ನಾನೇ ಇಳೀತೀನಿ,” ಎಂದು ದೊಡ್ಡಮ್ಮ ಸೀರೆ ಎತ್ತಿ ಕಟ್ಟಿದರು. ಒಂದು ಹೆಜ್ಜೆ ಇಳಿದೂ ಇಳಿದರು.

ಮೇಡಂ ದೊಡ್ಡಮ್ಮನನ್ನು ಹಿಂದಕ್ಕೆಳೆದು, ಆಟೋದವನಿಂದ ಮೈಕು ಕಿತ್ತು ಅವರ ಬಾಯಿಗೆ ಹಿಡಿದರು. “ಇಲ್ಲಿಂದ್ಲೇ ಕರೀರಿ. ಹಿಂಡಿ ಇಡುವಾಗ ಹೆಂಗೆ ಕರೀತೀರೋ ಹಂಗೆ.”

“ಬಾರವ್ವಾ... ಹಿಂಡಿ ಇಟ್ಟೀನಿ, ಬಾರವ್ವಾ...”

ಎಮ್ಮೆ ಮೊದಲು ಒಂದು ಕಿವಿ ಎತ್ತಿತು, ಆಮೇಲೆ ಮೈ ಎತ್ತಿತು. ನಾನು ಅದನ್ನು ಕರೆತಂದೆ ಎಂದು ಓಣಿಯಲ್ಲಿ ಹೇಳುತ್ತಾರೆ. ಸುಳ್ಳು. ಕೈಗೆ ಹಗ್ಗ ಸುತ್ತಿಕೊಂಡಿದ್ದ ನನ್ನನ್ನು ಏರಿಗೆ ಎಳೆತಂದದ್ದು ಎಮ್ಮೆಯೇ.

ತಿರುಗಿ ನೋಡಿದೆ. ಮೈಕಿನಲ್ಲಿ ಎಮ್ಮೆ ಕರೆಯುವುದನ್ನು ನೋಡಲು ಹೊರಬಂದ ನಾಲ್ಕು ಮನೆಯವರು ಬಾಗಿಲಲ್ಲೇ ನೀರು ಕಂಡು, ಗಂಟು ಹೊತ್ತು ನಮ್ಮ ಹಿಂದೆಯೇ ಹೊರಟಿದ್ದರು.

ಮೇಡಂಗೆ ಆಸೆಯಾಯಿತು. “ಅಜ್ಜಿ, ಪಕ್ಕದ ಓಣಿಗೂ ಬಂದು ಒಂದು ಸಲ ಕೂಗ್ತೀರಾ?”

“ಮೊದ್ಲು ಹಿಂಡಿ ತರ್ಸವ್ವ,” ಎಂದರು ದೊಡ್ಡಮ್ಮ, ಎಮ್ಮೆಯ ಒದ್ದೆ ಹೊಟ್ಟೆ ಸವರುತ್ತಾ. “ಇದಕ್ಕೆ ಸುಳ್ಳು ಹೇಳಿ ಕರ್ದೀನಿ.”