ತೂಕಕ್ಕೆ ಬಂದ ಮೂರನೇ ಸಂಪುಟ

ಐವತ್ತಕ್ಕೆ ಬಂದ ಗಂಡಸೊಬ್ಬ ಕನ್ನಡಕ ಏರಿಸಿಕೊಂಡು ಮಾಂತ್ರಿಕರ ಕಾದಂಬರಿ ಓದುವುದನ್ನು ಕಂಡರೆ ಜನ ಅವನ ಮುಖ ನೋಡುವುದಿಲ್ಲ, ಅವನ ಹೆಂಡತಿಯ ಮುಖ ನೋಡುತ್ತಾರೆ. ಪಾಪ, ಎಷ್ಟು ವರ್ಷದಿಂದ ಹೀಗೆ, ಎಲ್ಲಾದರೂ ತೋರಿಸಿದ್ದೀರಾ ಎಂಬ ಪ್ರಶ್ನೆ ಆ ನೋಟದಲ್ಲಿರುತ್ತದೆ. ನನ್ನ ಹೆಂಡತಿ ಸುಧಾ ಮೈಸೂರಿನವಳು. ಅವಳು ಸೌಜನ್ಯದಿಂದಲೇ ಉತ್ತರ ಕೊಡುತ್ತಾಳೆ: "ಬೇರೆ ಯಾವ ಚಟಾನೂ ಇಲ್ಲ ಇವರಿಗೆ."

ಮಾತು ನಿಜ. ನಾನು ಮಸ್ಕತ್ತಿನ ಒಂದು ಕಂಪನಿಯಲ್ಲಿ ವಾಲ್ವು, ಪೈಪು, ವೆಲ್ಡಿಂಗುಗಳನ್ನು ಪರೀಕ್ಷಿಸಿ, ಇವು ಸೋರುವುದಿಲ್ಲ ಎಂದು ಬರೆದುಕೊಡುವ ಇನ್‌ಸ್ಪೆಕ್ಟರು. ಹಗಲೆಲ್ಲ ಸೋರದ ಪೈಪುಗಳನ್ನೇ ನೋಡಿ ಬಂದವನಿಗೆ ಸಂಜೆ ಒಂದು ಹಾರುವ ಕುದುರೆ ಬೇಕೆನಿಸಿದರೆ ತಪ್ಪೇನು? ನಮ್ಮ ಹಿರಿಯರು ನವರಸಗಳ ಪಂಕ್ತಿಯಲ್ಲಿ ಅದ್ಭುತಕ್ಕೂ ಒಂದು ಎಲೆ ಹಾಕಿದ್ದಾರೆ. ಅದರ ಸ್ಥಾಯಿಭಾವ ವಿಸ್ಮಯ ಎಂದೂ ಹೇಳಿದ್ದಾರೆ. ಐವತ್ತರ ನಂತರ ವಿಸ್ಮಯ ನಿಷಿದ್ಧ ಎಂದು ಯಾವ ಆಲಂಕಾರಿಕನೂ ಬರೆದಂತಿಲ್ಲ. ಬಾಗಲಕೋಟೆ ಕಡೆಯ ನನ್ನ ಅಜ್ಜಿ ಸಮುದ್ರವನ್ನೇ ಕಂಡವಳಲ್ಲ. ಆದರೂ ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣವಿಟ್ಟ ಮಾಂತ್ರಿಕನ ಕಥೆ ಹೇಳುವಾಗ ಏಳರಲ್ಲಿ ಒಂದನ್ನೂ ಕಡಿಮೆ ಮಾಡುತ್ತಿರಲಿಲ್ಲ. ನಾನು ಒಂದೇ ಸಮುದ್ರ ದಾಟಿ ಮಸ್ಕತ್ತಿನ ಹಮ್ರಿಯಾದ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದು ಸೇರಿದೆ. ಇಲ್ಲಿ ಬಾಲ್ಕನಿಯಲ್ಲಿ ಗಿಳಿ ಇಲ್ಲ, ಪಾರಿವಾಳಗಳಿವೆ. ಅವುಗಳೊಳಗೆ ಯಾರ ಪ್ರಾಣ ಇದೆಯೋ ಏನೋ, ಎಷ್ಟು ಓಡಿಸಿದರೂ ಹೋಗುವುದಿಲ್ಲ.

ಓದುವ ಚಟಕ್ಕಿಂತ ದೊಡ್ಡ ತಾಪತ್ರಯ ನನ್ನ ರುಚಿಯದು. ನನಗೆ ಡ್ರ್ಯಾಗನ್ ಆಗಿಬರುವುದಿಲ್ಲ. ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲವಲ್ಲ, ಹಾಗೆ. ಭವಿಷ್ಯವಾಣಿಯೂ ಬೇಡ, ಹುಟ್ಟುವ ಮೊದಲೇ ಗೆಲ್ಲುತ್ತಾನೆಂದು ಬರೆದಿಟ್ಟ ಹುಡುಗನಿಗಾಗಿ ಆರುನೂರು ಪುಟ ನಾನ್ಯಾಕೆ ಬೆವರಬೇಕು? ಮೊದಲ ಪುಟದಲ್ಲಿ ನಕ್ಷೆ ಇರಬೇಕು. ಮಾಯೆಗೂ ಒಂದು ಕಾಯಿದೆ ಇರಬೇಕು, ಇಲ್ಲಿ ಒತ್ತಿದರೆ ಅಲ್ಲಿ ಉಬ್ಬಬೇಕು. ಇದು ವೃತ್ತಿದೋಷ, ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾದಂಬರಿಯ ಜನ ಹೊಟ್ಟೆತುಂಬ ಉಣ್ಣಬೇಕು. ಈ ವೀರರು ತಿಂಗಳುಗಟ್ಟಲೆ ಬೆಟ್ಟ ಹತ್ತುತ್ತಾರೆ, ಜೋಳಿಗೆಯಲ್ಲಿ ನೋಡಿದರೆ ಒಣ ಬ್ರೆಡ್ಡು, ಒಂದು ಚೂರು ಚೀಸು. ಅದನ್ನು ತಿಂದು ಯಾರಾದರೂ ಯುದ್ಧಕ್ಕೆ ಹೋಗುತ್ತಾರೆಯೇ? ನಮ್ಮ ಕಡೆಯ ಒಬ್ಬಳೇ ಒಬ್ಬಳು ಹೆಣ್ಣುಮಗಳು ಆ ದಂಡಿನಲ್ಲಿದ್ದಿದ್ದರೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಗಂಟು ಕಟ್ಟಿ ಕೊಟ್ಟಿರುತ್ತಿದ್ದಳು. ಖಳನಾಯಕ ಕಪ್ಪು ದೊರೆಯ ಕಥೆ ಎರಡನೇ ಅಧ್ಯಾಯಕ್ಕೇ ಮುಗಿದಿರುತ್ತಿತ್ತು.

ಇಂಥ ನಾಲಿಗೆಯವನಿಗೆ ಹೊಸ ಪುಸ್ತಕ ಸಿಗುವುದು ಹೇಗೆ? ಇಂಟರ್‌ನೆಟ್ಟು ತಾನು ಹುಡುಕಿಕೊಡುತ್ತೇನೆ ಎನ್ನುತ್ತದೆ. "ಇದನ್ನು ಮೆಚ್ಚಿದವರು ಅದನ್ನೂ ಮೆಚ್ಚಿದರು" ಅಂತೆ. ಯಾರಪ್ಪಾ ಆ ಮೆಚ್ಚಿದವರು? ನನ್ನ ಜೊತೆ ಎಂದಾದರೂ ಒಂದು ಕಪ್ ಚಹಾ ಕುಡಿದಿದ್ದಾರೆಯೇ? ಒಮ್ಮೆ ಮನೆಗೆ ಇಡ್ಲಿ ಕುಕ್ಕರ್ ತರಿಸಿದ್ದೆ. ಮರುದಿನವೇ ಹಬೆಯಿಂದ ಹಡಗು ಹಾರಿಸುವ ರಾಜಕುಮಾರನ ಕಾದಂಬರಿಯನ್ನು ಶಿಫಾರಸು ಮಾಡಿತು. ಹೊದಿಕೆಯ ಬೆನ್ನಿನ ಮೇಲಿನ ಮಾತು ಓದಿ ಕೊಳ್ಳೋಣವೆಂದರೆ ಅದು ವಧುವರರ ಜಾಹೀರಾತಿನ ಹಾಗೆ. ಎಲ್ಲರೂ ಸದ್ಗುಣಿಗಳೇ, ಬಾಳುವೆ ಮಾಡಿದ ಮೇಲೆಯೇ ಗೊತ್ತಾಗುವುದು. ಇಲ್ಲಿನ ಅಂಗಡಿಗಳನ್ನೂ ಸುತ್ತಿದೆ. ಪರೀಕ್ಷೆಯ ಗೈಡುಗಳು, ಅಡುಗೆ ಪುಸ್ತಕಗಳು, ಬೇಗ ಕೋಟ್ಯಧೀಶರಾಗುವುದು ಹೇಗೆ ಎಂಬ ಪುಸ್ತಕಗಳು. ಕೊನೆಯವೂ ಫ್ಯಾಂಟಸಿಯೇ ಹೌದು, ಆದರೆ ನಕ್ಷೆ ಇರಲಿಲ್ಲ. ಆಫೀಸಿನ ಒಮಾನಿ ಗೆಳೆಯ ಸಾಲಿಂನಿಗೆ ನನ್ನ ಕಷ್ಟ ಕೇಳಿದರೆ ನಗು. "ದುಡ್ಡು ಕೊಟ್ಟು ಪುಸ್ತಕದಲ್ಲಿ ಜಿನ್, ಭೂತ ಯಾಕೆ ಹುಡುಕ್ತೀಯ? ನಮ್ಮ ಬಹ್ಲಾ ಊರಿಗೆ ಬಾ, ಪುಕ್ಕಟೆ ಸಿಗ್ತವೆ" ಎಂದು ತನ್ನ ಹಿಂದಿಯಲ್ಲಿ ಹೇಳುತ್ತಾನೆ. ಹಗಲು ಹೊತ್ತು ಮಾತ್ರ ಹೇಳುತ್ತಾನೆ. ಕತ್ತಲಾದ ಮೇಲೆ ಆ ಸುದ್ದಿಯನ್ನೇ ಎತ್ತುವುದಿಲ್ಲ.

ಚಟ ನನ್ನೊಬ್ಬನದೇ ಆಗಿದ್ದರೆ ಹಳೆಯದನ್ನೇ ಮತ್ತೆ ಮತ್ತೆ ಓದಿಕೊಂಡು ಹೇಗೋ ಕಾಲ ತಳ್ಳುತ್ತಿದ್ದೆ. ಆದರೆ ಇದಕ್ಕೊಬ್ಬಳು ಪಾಲುದಾರಳಿದ್ದಾಳೆ. ಮಗಳು ಅನನ್ಯಾ, ಎಂಟನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ, ಇಲ್ಲಿನ ಎಲ್ಲ ಮಕ್ಕಳಂಥ ಮಗು. ಮನೆಯಲ್ಲಿ ಅವಳ ಪಾಲಿಗೆ ಕನ್ನಡವೆಂದರೆ "ಊಟಕ್ಕೆ ಬಾ", "ಹೋಂವರ್ಕ್ ಆಯ್ತಾ", "ಫೋನ್ ಇಡು" ಅಷ್ಟೇ. ಬೆಳಿಗ್ಗೆ ಮಾತ್ರ ಬೇರೆ. ಅವಳ ಶಾಲೆ ಮದೀನತ್ ಸುಲ್ತಾನ್ ಖಾಬೂಸ್ ಕಡೆ. ಕಾರಿನಲ್ಲಿ ಬಿಡುವವನು ನಾನು. ಹಿಂದಿನ ಸಂಜೆ ಇಂಗ್ಲಿಷಿನಲ್ಲಿ ಓದಿದ ಅಧ್ಯಾಯವನ್ನು ದಾರಿಯುದ್ದಕ್ಕೂ ಬಾಗಲಕೋಟೆ ಕನ್ನಡದಲ್ಲಿ ಹೇಳುತ್ತೇನೆ. ಮಾಂತ್ರಿಕ "ಏನಲೇ ಮಗನ" ಎಂದು ಗದರುತ್ತಾನೆ, ರಾಣಿ "ಯಪ್ಪಾ, ಸಾಕಾತ ನನಗ" ಎಂದು ಸಿಂಹಾಸನದ ಮೇಲೆ ಕುಸಿಯುತ್ತಾಳೆ. ಈ ಹೊತ್ತು ಕೈತಪ್ಪಿದರೆ ಮಗಳ ಜೊತೆ ನಾನು ಬರೀ ಟೈಮ್‌ಟೇಬಲ್ ಮಾತಾಡುವ ಅಪ್ಪನಾಗಿ ಉಳಿಯುತ್ತೇನೆ ಎಂಬ ಹೆದರಿಕೆ ನನಗಿದೆ. ಇದೊಂದನ್ನು ತಮಾಷೆಗೆ ಹೇಳುತ್ತಿಲ್ಲ.

ಹೋದ ವರ್ಷ ಸಾಲಾಗಿ ಪುಸ್ತಕಗಳು ಕೈಕೊಟ್ಟವು. ಒಂದರಲ್ಲಿ ನಾಯಕ ಅರ್ಧ ಕಾದಂಬರಿ ತನ್ನ ಕತ್ತಿಯ ಜೊತೆ ವಾದ ಮಾಡಿದ, ಗೆದ್ದದ್ದು ಕತ್ತಿ. ಇನ್ನೊಂದರಲ್ಲಿ ಶಾಪ ತಗುಲಿ ಇಡೀ ರಾಜ್ಯ ನಿದ್ದೆಹೋಯಿತು, ದಾರಿಯಲ್ಲಿ ರೂವಿ ದಾಟುವಷ್ಟರಲ್ಲಿ ಅನನ್ಯಾ ಕೂಡ. ಶಾಲೆಯ ಗೇಟಿನ ಮುಂದೆ ಎಬ್ಬಿಸಿದಾಗ ಅವಳು ತೀರ್ಪು ಕೊಟ್ಟಳು: "ಅಪ್ಪಾ, ಒನ್ ಲಾಸ್ಟ್ ಚಾನ್ಸ್. ನೆಕ್ಸ್ಟ್ ಬುಕ್ಕೂ ಬೋರಿಂಗ್ ಆದ್ರೆ ಐ ಆಮ್ ವೇರಿಂಗ್ ಮೈ ಇಯರ್‌ಫೋನ್ಸ್. ಖಲಾಸ್."

ಅದೇ ವಾರ ಮೇಲಿನ ಮಹಡಿಯ ಪಾಟೀಲರು ರಜೆಗೆ ಊರಿಗೆ ಹೊರಟರು. ಗಲ್ಫಿನಲ್ಲಿ ಊರಿಗೆ ಹೊರಟವನ ಸೂಟ್‌ಕೇಸು ಅವನದಲ್ಲ, ಅದು ಸಾರ್ವಜನಿಕ ಆಸ್ತಿ. "ಯಾವಾಗ ಹೊಂಟ್ರಿ?" ಎಂದು ಕೇಳುವವರೆಲ್ಲ ನಿಜವಾಗಿ ಕೇಳುವುದು "ಬರುವಾಗ ಜಾಗ ಐತೇನ್ರಿ?" ಎಂದೇ. ವಿಜಯಪುರದ ಪಾಟೀಲರು ಸೇಫ್ಟಿ ಆಫೀಸರು, ಎಲ್ಲದರಲ್ಲೂ ಶಿಸ್ತು. ಮನೆಗೆ ಒಂದೊಂದು ಕೇಜಿ ಎಂದು ಹಂಚಿಬಿಡುತ್ತಾರೆ. ಅದರ ಮೇಲೆ ಒಂದು ಕರಿಬೇವಿನ ಎಲೆಯೂ ಹತ್ತುವುದಿಲ್ಲ. ನಮ್ಮ ಕೇಜಿಯನ್ನು ಸುಧಾ ಯಾವಾಗಲೋ ಕಾಯ್ದಿರಿಸಿದ್ದಳು, ಅವಳ ತಾಯಿ ಮಾಡಿ ಕಳಿಸುವ ಚಟ್ನಿಪುಡಿಗೆ. ಇಯರ್‌ಫೋನಿನ ವಿಷಯ ಕೇಳಿದ ಮೇಲೆ ಒಂದು ಇಡೀ ದಿನ ಯೋಚಿಸಿ ನನಗೆ ಬಿಟ್ಟುಕೊಟ್ಟಳು.

"ರೀ, ಅಮ್ಮನ ಚಟ್ನಿಪುಡಿ ಬಿಟ್ಕೊಟ್ಟಿದೀನಿ. ಪುಸ್ತಕ ಚೆನ್ನಾಗಿಲ್ಲ ಅಂದ್ರೆ ಮೊಸರನ್ನಕ್ಕೆ ಅದನ್ನೇ ನೆಂಚ್ಕೋಬೇಕಾಗತ್ತೆ, ನೋಡ್ಕೊಳಿ."

ನಾನು ಪಾಟೀಲರಿಗೆ ಉದ್ದವಾದ ವಾಯ್ಸ್ ಮೆಸೇಜು ಕಳಿಸಿದೆ. ಡ್ರ್ಯಾಗನ್ ಬೇಡ, ಭವಿಷ್ಯವಾಣಿ ಬೇಡ, ನಕ್ಷೆ ಬೇಕು, ಊಟ ಬೇಕು, ಹೊಸದಿರಬೇಕು. ಹೆಣ್ಣು ನೋಡಲು ಹೊರಟವರಿಗೂ ಇಷ್ಟು ಕಟ್ಟಳೆ ಇರುವುದಿಲ್ಲ. ಒಂದು ದಿನ ಹುಬ್ಬಳ್ಳಿಯ ಪುಸ್ತಕದಂಗಡಿಯಿಂದ ಪಾಟೀಲರ ಫೋನು ಬಂತು. "ಸರ, ನಿಮ್ಮ ಮೆಸೇಜ್ ಸ್ಪೀಕರಿಗೆ ಹಾಕಿ ಅಂಗಡ್ಯಾಂವಗ ಕೇಳಿಸೇನ್ರಿ. ಊಟದ ಮಾತು ಬಂದ ಕೂಡ್ಲೆ ಅಂವ ಬಾಜೂ ಖಾನಾವಳಿ ತೋರಸಾಕತ್ತಾನ."

ಪಾಟೀಲರು ವಾಪಸು ಬಂದವರೇ ಸೀದಾ ನಮ್ಮ ಮನೆಗೆ ಬಂದು, ಹೆಮ್ಮೆಯಿಂದ ಪುಸ್ತಕವನ್ನು ಟೀಪಾಯಿಯ ಮೇಲಿಟ್ಟರು. ನಕ್ಷೆ ಇತ್ತು. ಡ್ರ್ಯಾಗನ್ ಇರಲಿಲ್ಲ. ಬೆನ್ನಿನ ಮೇಲೆ ಔತಣದ ಚಿತ್ರವೂ ಇತ್ತು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ಹೊದಿಕೆಯ ಮೇಲಿನ ಸಣ್ಣ ಅಕ್ಷರ ಕಂಡಿತು: ಮೂರನೇ ಸಂಪುಟ.

"ಪಾಟೀಲ್ರ, ಇದು ಮೂರನೇದಲ್ರಿ!"

"ಹೌದ್ರಿ ಸರ. ಮೂರೂ ಇದ್ದುವು. ಬಾಜೂ ಕಿರಾಣಿ ಅಂಗಡ್ಯಾಗ ತಕ್ಕಡಿಗೆ ಹಾಕಿ ನೋಡಿದೆ. ಒಂದನೇದು ಕೇಜಿ ದಾಟಿತು. ಎರಡನೇದು ಅದಕಿಂತ ದಪ್ಪ. ಇದು ನೋಡ್ರಿ, ಬರೋಬ್ಬರಿ ಕುಂತತಿ."

"ಅಲ್ರಿ, ಕಥಿ ಮೊದಲಿಂದ ಓದಬೇಕಲ್ಲ?"

"ಎಲ್ಲಿಂದ ಓದಿದ್ರೇನ್ರಿ, ಕಡೀಕ ರಾಜಾನ ಗೆಲ್ಲತಾನ." ಪಾಟೀಲರು ಚಹಾ ಮುಗಿಸಿ ಎದ್ದರು. ಆ ರಾತ್ರಿ ಸುಧಾ ಊಟಕ್ಕೆ ಮೊಸರನ್ನ ಮಾಡಿ, ತಟ್ಟೆಯ ಪಕ್ಕದಲ್ಲಿ ಪುಸ್ತಕ ಇಟ್ಟಿದ್ದಳು.

ಮರುದಿನ ಕಾರಿನಲ್ಲಿ ಅನನ್ಯಾಳ ಕುತ್ತಿಗೆಯಲ್ಲಿ ಇಯರ್‌ಫೋನು ಆಗಲೇ ನೇತಾಡುತ್ತಿತ್ತು. ಬೇರೆ ದಾರಿಯಿಲ್ಲದೆ ಶುರು ಮಾಡಿದೆ. ಸಂಪುಟದ ಮೊದಲ ಪುಟದಲ್ಲೇ ಒಬ್ಬ ಮುದಿ ಮಂತ್ರಿಣಿ ಗಂಟೆ ಬಾರಿಸಿ ಸಭೆಗೆ ಹೇಳುತ್ತಾಳೆ: ಬಾವಿಯ ಹತ್ತಿರ ಆದದ್ದಾದ ಮೇಲೆ ಈ ಅರಮನೆಯಲ್ಲಿ ಇನ್ನು ಯಾರೂ ಬಾತುಕೋಳಿಯ ಹೆಸರು ಎತ್ತಕೂಡದು. ಸಭೆಯೆಲ್ಲ ತಲೆ ತಗ್ಗಿಸುತ್ತದೆ. ಸೇನಾಪತಿ ಕಣ್ಣೊರೆಸಿಕೊಳ್ಳುತ್ತಾನೆ.

"ವಾಟ್ ಹ್ಯಾಪನ್ಡ್ ಅಟ್ ದ ವೆಲ್?" ಎಂದಳು ಅನನ್ಯಾ.

"ಗೊತ್ತಿಲ್ಲವಾ."

"ಬಾತುಕೋಳಿ ಯಾರು?"

"ಅದೂ ಗೊತ್ತಿಲ್ಲ."

ಅವಳು ನನ್ನನ್ನೇ ನೋಡಿದಳು. ಅಪ್ಪನಿಗೆ ಗೊತ್ತಿಲ್ಲದ ಕಥೆ ಎಂದರೆ ಏನು ಎಂಬುದು ಅವಳಿಗೆ ಹೊಸದು. ಇಂಟರ್‌ನೆಟ್ಟಿನಲ್ಲಿ ಹಿಂದಿನ ಕಥೆ ನೋಡಿ ಹೇಳಲೇ ಎಂದೆ. "ನೋ! ದಟ್ಸ್ ಚೀಟಿಂಗ್" ಎಂದಳು. ಇಯರ್‌ಫೋನು ಬ್ಯಾಗಿನೊಳಗೆ ಹೋಯಿತು.

ಅಂದಿನಿಂದ ನಮ್ಮ ಕಾರಿನಲ್ಲಿ ಬಾತುಕೋಳಿಯದೇ ಕಾರುಬಾರು. ನಾನು ಮೂರನೇ ಸಂಪುಟದಿಂದ ಒಂದಿಷ್ಟು ಹೇಳುವುದು, ಅವಳು ಕಾಣದ ಒಂದು ಮತ್ತು ಎರಡನೇ ಸಂಪುಟ ಕಟ್ಟುವುದು. ಮೊದಮೊದಲು ಇಂಗ್ಲಿಷಿನಲ್ಲೇ ಕಟ್ಟಿದಳು. ಆದರೆ ನಾನು ಕನ್ನಡದಲ್ಲಿ ವಾದಕ್ಕೆ ನಿಂತರೆ ಇಂಗ್ಲಿಷಿನಲ್ಲಿ ಎದುರು ವಾದಿಸುವುದು ಕಷ್ಟ. ಜಗಳ ಯಾವ ಮಾತಿನಲ್ಲಿ ಹತ್ತುತ್ತದೋ ಆ ಮಾತಿನಲ್ಲೇ ಆಡಬೇಕು. ಬಾತುಕೋಳಿ ಬಾವಿಗೆ ಬಿದ್ದು ಸತ್ತಿರಬೇಕು ಎಂದು ನಾನು ಒಂದು ಬೆಳಿಗ್ಗೆ ಹಟ ಹಿಡಿದೆ. ಅವಳು ಸೀಟಿನಲ್ಲಿ ನನ್ನ ಕಡೆ ಪೂರ್ತಿ ತಿರುಗಿ, "ಸತ್ತಿಲ್ಲಪಾ! ಸತ್ತಂಗ ಮಾಡೇತಿ, ಅಷ್ಟ. ಬಾತುಕೋಳಿಗೆ ಈಜಾಕ ಬರೂದಿಲ್ಲೇನು?" ಎಂದಳು.

ನನಗೆ ಎಷ್ಟು ಖುಷಿಯಾಯಿತೆಂದರೆ ಶಾಲೆಯ ಎಕ್ಸಿಟ್ ದಾಟಿ ಮುಂದೆ ಹೋಗಿಬಿಟ್ಟೆ. ಬಾತುಕೋಳಿಗೆ ಈಜು ಬರುತ್ತದೆ ಎಂಬುದು ಇನ್‌ಸ್ಪೆಕ್ಟರನಾದ ನನಗೆ ಹೊಳೆದಿರಲಿಲ್ಲ ನೋಡಿ.

ವಾರ ಕಳೆಯುವುದರೊಳಗೆ ಸುಧಾಳೂ ಸೇರಿಕೊಂಡಳು. ಮಗಳ ಪ್ರಕಾರ ಬಾತುಕೋಳಿಯೇ ನಿಜವಾದ ರಾಣಿ. ಸುಧಾಳ ಪ್ರಕಾರ ಅದು ಮೈಸೂರಿನ ಬಾತುಕೋಳಿ, ಯಾಕೆಂದರೆ ಇಷ್ಟೆಲ್ಲ ಆದರೂ ಸಭೆಗೆ ಬಂದು ಒಂದು ಜೋರು ಮಾತಾಡಿಲ್ಲ. ಮೆಟ್ಟಿಲ ಮೇಲೆ ಸಿಕ್ಕ ಪಾಟೀಲರು, "ಹೆಂಗೈತ್ರಿ ಬುಕ್ಕು?" ಎಂದರು. "ಭಾಳ ಚೊಲೊ ತೂಕ ಐತ್ರಿ" ಎಂದೆ.

ಆಮೇಲೆ ಬಂತು ಗಂಡಾಂತರ. ನಾನು ಪೇಚಾಡಿದ್ದು ಪಾಟೀಲರ ಮನಸ್ಸಿನಲ್ಲಿ ಉಳಿದಿತ್ತು. ಅವರ ಹೆಂಡತಿ ಊರಿನಿಂದ ಬರುವಾಗ ತಮ್ಮ ಪಾಲಿನ ಹಪ್ಪಳ ಬಿಟ್ಟು ಮೊದಲ ಎರಡೂ ಸಂಪುಟಗಳನ್ನು ಹೊತ್ತು ತಂದರು. ಅನನ್ಯಾ ಅವುಗಳನ್ನು ಹಾವು ನೋಡಿದ ಹಾಗೆ ನೋಡಿ, "ಅಪ್ಪಾ, ತಗೀಬ್ಯಾಡ" ಎಂದಳು. ತೆಗೆಯುವುದಿಲ್ಲ ಎಂದೆ.

ಆದರೆ ಸೀಲು ಒಡೆಯದ ವಾಲ್ವು ಎದುರಿಗಿದ್ದರೆ ಕೈ ಸುಮ್ಮನಿರುತ್ತದೆಯೇ? ಮೊದಲ ಸಂಪುಟವನ್ನು ಆಫೀಸಿಗೆ ಒಯ್ದು ಊಟದ ಹೊತ್ತಿನಲ್ಲಿ ಬಾವಿಯ ಪ್ರಸಂಗ ಹುಡುಕಿದೆ. ಇದ್ದದ್ದು ಅರ್ಧ ಪುಟ. ಬಾವಿಯ ಪಕ್ಕ ರಾಜನ ಔತಣ. ಅಡುಗೆಯವನು ಬಾತುಕೋಳಿಯನ್ನು ಅರೆಬರೆ ಬೇಯಿಸಿದ್ದ. ತಿಂದ ಮಂತ್ರಿಮಂಡಲಕ್ಕೆಲ್ಲ ಹೊಟ್ಟೆ ಕೆಟ್ಟು ಸೇನಾಪತಿಯ ಮಾನ ಹೋಯಿತು. ಅಷ್ಟೇ. ಕಾದಂಬರಿಯಲ್ಲಿ ಊಟ ಇರಲೇಬೇಕೆಂದು ಪಟ್ಟು ಹಿಡಿದವನು ನಾನೇ. ಊಟ ಇತ್ತು. ನಮ್ಮ ಮನೆಯವರೆಲ್ಲ ಪ್ರೀತಿಸಿದ ಬಾತುಕೋಳಿಯೇ ಊಟ. ಚಪಾತಿಯ ಡಬ್ಬಿ ಮುಚ್ಚಿದೆ. ಪುಸ್ತಕವನ್ನು ಆಫೀಸಿನ ಡ್ರಾಯರಿನ ತಳಕ್ಕೆ ಹಾಕಿ, ಮೇಲೆ ಒಂದು ಪ್ರೆಶರ್ ಗೇಜು ಇಟ್ಟೆ.

ಮರುದಿನ ಕಾರು ಹೊರಡುತ್ತಲೇ ಅನನ್ಯಾ ಕೇಳಿದಳು. "ಅಪ್ಪಾ, ನೀ ಒಂದನೇ ಬುಕ್ ನೋಡಿಲ್ಲ, ಹೌದಿಲ್ಲೊ?"

"ಇಲ್ಲವಾ" ಎಂದೆ. ಸೋರುವ ಪೈಪಿಗೆ ಸೋರುವುದಿಲ್ಲ ಎಂದು ಸರ್ಟಿಫಿಕೇಟು ಕೊಟ್ಟದ್ದು ನನ್ನ ಸರ್ವಿಸಿನಲ್ಲಿ ಅದೇ ಮೊದಲು.

"ಹಂಗಾರ ಕೇಳು. ಬಾತುಕೋಳಿ ಬಾವ್ಯಾಗಿಂದ ಮ್ಯಾಲೆ ಬಂತು. ನಾಳೆ ಯುದ್ಧ ಐತಿ. ಭಾಳ ಹಸಿವಾಗಿತ್ತು. ರೆಕ್ಕಿ ಬುಡಕಿಂದ ಒಂದು ಗಂಟು ತಗದು ಬಿಚ್ಚಿತು."

"ಏನಿತ್ತವಾ ಗಂಟಿನ್ಯಾಗ?"

ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ನೋಡಿದಳು. "ಕಟಕ್ ರೊಟ್ಟಿ. ಮೈಸೂರಜ್ಜಿ ಚಟ್ನಿಪುಡಿ. ಬ್ರೆಡ್ ತಿಂದು ಯಾರರ ಯುದ್ಧಕ್ಕ ಹೋಗತಾರೇನಪಾ?"